ಭಾನುವಾರದ ಸಿನಿಮಾ, ಜೊತೆಗೆ ಸ್ಟೇಟಸ್ ವಿಚಾರ

ಎಲ್ರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4.15ರ ಆಟಕ್ಕೆ ಹೋಗೋದು ಅಂತ ಮಾತಾಗಿದೆ. ಬರೋರು ಶುಕ್ರವಾರ ರಾತ್ರಿ 9ರೊಳಗೆ ಹೆಸರು, ಎಷ್ಟು ಟಿಕೆಟ್ ಅಂತ ಇಲ್ಲೇ ಹಾಕಿ. ದುಡ್ಡು ಬಂದ ಮೇಲೇ ಬುಕ್ ಮಾಡ್ತೀನಿ. ಹೋದ್ಸಲ ಮೂರು ಸೀಟು ನನ್ನ ಖರ್ಚಲ್ಲೇ ಖಾಲಿ ಕೂತಿದ್ವು.

ಮುಂದಿನ ವಾರ ನೋಡಿದ್ರಾಯ್ತು ಅನ್ನಬೇಡಿ. ಸ್ಟಾರ್ ಇಲ್ಲದ ಕನ್ನಡ ಸಿನಿಮಾಕ್ಕೆ ಮೊದಲ ಮೂರು ದಿನ ಜನ ಬರದಿದ್ರೆ ಸೋಮವಾರದಿಂದ ಶೋ ಕಡಿಮೆ ಆಗುತ್ತೆ. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಸಿನಿಮಾ ಗೆದ್ದಿದ್ದು, ಮೊದಲು ನೋಡಿ ಬಂದೋರ ಬಾಯಿಮಾತಿಂದ.

ಇನ್ನೊಂದು, ಸ್ವಲ್ಪ ಸಿಟ್ಟಲ್ಲೇ ಹೇಳ್ತೀನಿ. ಕಳೆದ ಸಲ ಇಂಟರ್ವಲ್‌ನಲ್ಲಿ ಫೋನ್ ತೆಗೆದ್ರೆ, ಬೆಳಗಿನ ಆಟ ನೋಡಿದ್ದ ನಮ್ಮೋರೊಬ್ಬರ ಸ್ಟೇಟಸ್‌ನಲ್ಲಿ ಕ್ಲೈಮ್ಯಾಕ್ಸ್! ಅಲುಗಾಡೋ ವಿಡಿಯೊ, ಅರ್ಧ ತೆರೆ, ಇನ್ನರ್ಧ ಮುಂದಿನ ಸೀಟಿನೋರ ತಲೆ. ಒಪ್ಪಿಗೆಯಿಲ್ಲದೆ ತೆರೆ ರೆಕಾರ್ಡ್ ಮಾಡೋದಕ್ಕೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ದಂಡ ಇದೆ. ಟೈಟಲ್ ಕಾರ್ಡ್ ಕೂಡ ಬೇಡ, ದಯವಿಟ್ಟು.

ಕಥೆ ಬಗ್ಗೆ ಚರ್ಚೆ ಇಲ್ಲಿ ಬುಧವಾರದಿಂದ. ಅಷ್ಟು ತಡೆಯೋಕೆ ಆಗದಿದ್ರೆ ಶೋ ಬಿಟ್ಮೇಲೆ ಎದುರಿನ ಕಾಫಿ ಅಂಗಡೀಲಿ ಜಗಳ ಆಡೋಣ. 4ಕ್ಕೆ ಗೇಟ್ ಹತ್ರ ಸಿಗಿ. ಓದಿದೋರು ಒಂದು ‘ಸರಿ’ ಹಾಕಿ.