ನಮ್ಮೂರಲ್ಲೇ ನಮ್ಮ ನೆಂಟರ ಕೈಲಿ ಬಿಲ್ ಕೊಡಿಸಿದಿರಿ

ಗೆ,
ಮಾಲೀಕರು,
‘ಅಪ್ಪಟ ಮಲೆನಾಡ ಊಟ’ ಅಂತ ಬೋರ್ಡ್ ಹಾಕಿರುವ ರೆಸ್ಟೋರೆಂಟ್,
ಚಿಕ್ಕಮಗಳೂರು

ವಿಷಯ: ಎರಡು ವಾರದ ಹಿಂದಿನ ಶನಿವಾರ ರಾತ್ರಿಯ ಊಟ, ಸೇವಾ ಶುಲ್ಕ ಮತ್ತು ನಿಮ್ಮ ಮ್ಯಾನೇಜರ್ ಆಡಿದ ಮಾತು

ಸರ್,

ಈ ಪತ್ರ ಬರೆಯುವ ಮೊದಲು ಮೂರು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ ‘ಮ್ಯಾನೇಜರ್ ವಾಪಸ್ ಮಾಡ್ತಾರೆ’ ಅಂದರು. ಮಾಡಲಿಲ್ಲ. ಎರಡನೇ ಸಲ ‘ರಜೆ ಮೇಲಿದ್ದಾರೆ’ ಅಂದರು. ಮೂರನೇ ಸಲ, ಅಂದರೆ ಮೊನ್ನೆ, ಫೋನ್ ತೆಗೆದವರು ರಿಸೀವರ್ ಮೇಲೆ ಕೈ ಇಟ್ಟು ಹಿಂದೆ ತಿರುಗಿ ‘ಅದೇ ಕಡುಬಿನ ಹೆಂಗಸು’ ಅಂತ ಯಾರಿಗೋ ಹೇಳಿದರು. ಕೈ ಸರಿಯಾಗಿ ಮುಚ್ಚಿರಲಿಲ್ಲ. ನನಗೆ ಕೇಳಿಸಿತು. ಹಿಂದೆ ಇದ್ದವರು ನಕ್ಕಿದ್ದೂ ಕೇಳಿಸಿತು. ಅದಕ್ಕೇ ಈಗ ಎಲ್ಲವನ್ನೂ ಬರೆದೇ ಕೊಡುತ್ತಿದ್ದೇನೆ.

ಅವತ್ತು ನನ್ನ ಜೊತೆ ಬಂದಿದ್ದವರು ಯಾರು ಅಂತ ನಿಮಗೆ ಗೊತ್ತಿಲ್ಲ. ನನ್ನ ಗಂಡನಿಗೆ ನಾಲ್ಕು ವರ್ಷ ನಾಗಪುರದಲ್ಲಿ ಕೆಲಸ ಇತ್ತು. ಅಲ್ಲಿ ನಮಗೆ ಯಾರೂ ಇರಲಿಲ್ಲ. ಪಕ್ಕದ ಮನೆಯವರೇ ನಮ್ಮ ನೆಂಟರಾದರು. ಅವರ ತಾಯಿ ನನಗೆ ಪಾಟೋಡಿ ರಸ್ಸಾ ಮಾಡಿ ಹಾಕಿದ್ದಾರೆ. ಮಗ ಪ್ರತಿ ತಿಂಗಳೂ ನಮ್ಮನ್ನು ಸಾವಜಿ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು ಖಾರದ ಮಟನ್, ನಾನು ನೀರು ಕುಡಿದು ಕುಡಿದು ತಿಂದಿದ್ದೇನೆ. ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಗಂಡನಿಗೆ ಪರ್ಸ್ ತೆಗೆಯೋಕೆ ಬಿಟ್ಟವರಲ್ಲ. ‘ನಿಮ್ಮೂರಿಗೆ ಬಂದಾಗ ನೀವು ಕೊಡಿ’ ಅನ್ನುತ್ತಿದ್ದರು. ಈ ಮಳೆಗಾಲದಲ್ಲಿ ಕೊನೆಗೂ ಬಂದರು. ಮಗ, ಸೊಸೆ, ಮೊಮ್ಮಗ, ಜೊತೆಗೆ ಎಪ್ಪತ್ತು ದಾಟಿದ ಆ ತಾಯಿ.

ಮನೆಯಲ್ಲೇ ಮಾಡಿ ಹಾಕಬಹುದಿತ್ತು. ಎರಡು ದಿನ ಹಾಕಿದೆ ಕೂಡ. ಆದರೆ ಶನಿವಾರ ಬಾಬಾಬುಡನ್‌ಗಿರಿಗೆ ಹೋಗಿ, ಮಳೆಯಲ್ಲಿ ನೆನೆದು ಸಾಕಾಗಿ ಬಂದಿದ್ದೆವು. ಮೇಲಾಗಿ ಒಳ್ಳೇ ಜಾಗದಲ್ಲಿ ಕೂರಿಸಿ ಊಟ ಹಾಕಿಸಬೇಕು ಅಂತ ನನಗೇ ಆಸೆ ಇತ್ತು. ಅದಕ್ಕೇ ಗುರುವಾರವೇ ಆರು ಜನಕ್ಕೆ ಟೇಬಲ್ ಹೇಳಿದ್ದೆ. ರಾತ್ರಿ ಎಂಟಕ್ಕೆ. ನಿಮ್ಮಿಂದ ಮೆಸೇಜ್ ಬಂದಿದೆ, ಈಗಲೂ ನನ್ನ ಫೋನಿನಲ್ಲಿದೆ. ಹದಿನೈದು ನಿಮಿಷ ತಡವಾದರೆ ಟೇಬಲ್ ಬೇರೆಯವರಿಗೆ ಅನ್ನುವ ನಿಮ್ಮ ನಿಯಮವೂ ಅದರಲ್ಲೇ ಇದೆ. ನಾವು ಬಂದಿದ್ದು ಏಳು ಐವತ್ತಕ್ಕೆ. ಟೇಬಲ್ ಇರಲಿಲ್ಲ. ರೆಸಾರ್ಟ್‌ನಿಂದ ದೊಡ್ಡ ಗುಂಪು ಬಂತು ಅಂತ ಅವರಿಗೆ ಕೊಟ್ಟುಬಿಟ್ಟಿದ್ದಿರಿ. ಬೇಗ ಬಂದವರ ಟೇಬಲ್ ಕಿತ್ತು ಕೊಡುವ ನಿಯಮ ಯಾವುದು ಅಂತ ಹೇಳಿ. ನಲವತ್ತೈದು ನಿಮಿಷ ಆ ಅಜ್ಜಿ ಬಾಗಿಲ ಹತ್ತಿರ, ಒದ್ದೆ ಛತ್ರಿಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಒಂದು ಲೋಟ ಬಿಸಿನೀರು ಕೇಳಿದ್ದಕ್ಕೆ ‘ಟೇಬಲ್ ಸಿಕ್ಕಿದ ಮೇಲೆ’ ಅಂದರು ನಿಮ್ಮ ಹುಡುಗ.

ಇನ್ನು ಊಟ. ಸೀಸನ್ ಸ್ಪೆಷಲ್ ಅಂತ ದೊಡ್ಡದಾಗಿ ಬರೆದಿದ್ದ ಕಳಲೆ ಪಲ್ಯ ಇಲ್ಲ. ಪತ್ರೊಡೆ ಖಾಲಿ. ಸರಿ, ಶನಿವಾರ, ಜನ ಜಾಸ್ತಿ, ಒಪ್ಪಿಕೊಂಡೆ. ಕಡುಬು ಬಂತು. ನೆಂಟರಿಗೆ ಕೋಳಿ ಸಾರಿನ ಜೊತೆ, ಅಜ್ಜಿಗೆ ಕಾಯಿ ಚಟ್ನಿ ಜೊತೆ. ಸರ್, ಕಡುಬು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಅಕ್ಕಿ ತರಿ ಬೇಯಿಸಿ, ಕೈ ಸುಡುವಾಗಲೇ ನೀರು ಮುಟ್ಟಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಆ ಹಬೆ ಆಡುತ್ತಿರುವಾಗಲೇ ತಟ್ಟೆಗೆ ಹಾಕಬೇಕು. ಮುರಿದರೆ ಮೆತ್ತಗೆ ಬಿಡಬೇಕು. ನಿಮ್ಮ ಕಡುಬಿನ ಅಂಚು ಒಣಗಿ ಹಳದಿ ಆಗಿತ್ತು. ಅಜ್ಜಿ ಚಮಚದಲ್ಲಿ ಒತ್ತಿದರೆ ಜಾರಿ ತಟ್ಟೆಯ ಆ ಕಡೆಗೆ ಹೋಯಿತು. ನಾನು ಕೈಯಲ್ಲಿ ಮುರಿದೆ. ಹೊರಗೆ ಬೆರಳು ಸುಡುವ ಬಿಸಿ, ನಡುವೆ ಫ್ರಿಜ್ಜಿನ ತಣ್ಣಗೆ. ಫ್ರಿಜ್ಜಿನಿಂದ ತೆಗೆದು ಮೈಕ್ರೋವೇವ್‌ಗೆ ಇಟ್ಟಿದ್ದು ಅಂತ ಹೇಳೋಕೆ ಅಡುಗೆ ಗೊತ್ತಿರಬೇಕು ಅಂತಲೂ ಇಲ್ಲ.

ಮೆಲ್ಲಗೆ ಕರೆದು ಹೇಳಿದೆ. ಮೆಲ್ಲಗೇ ಹೇಳಿದೆ, ನೆಂಟರು ಎದುರಿಗಿದ್ದರಲ್ವಾ. ಮ್ಯಾನೇಜರ್ ಬಂದರು. ತಟ್ಟೆ ನೋಡಲಿಲ್ಲ. ‘ಮೇಡಂ, ಮಲೆನಾಡು ಕಡುಬು ಇರೋದೇ ಹೀಗೆ, ಸ್ವಲ್ಪ ಗಟ್ಟಿ’ ಅಂದರು. ನಾನು ಹುಟ್ಟಿದ್ದು ಕೊಪ್ಪದಲ್ಲಿ. ನಲವತ್ತು ವರ್ಷದಿಂದ ಕಡುಬು ತಿನ್ನುತ್ತಿದ್ದೇನೆ, ಮೂವತ್ತು ವರ್ಷದಿಂದ ಬೇಯಿಸುತ್ತಿದ್ದೇನೆ. ಅದನ್ನು ಹೇಳಿದ್ದಕ್ಕೆ ‘ಹಾಗಾದ್ರೆ ಮನೇಲೇ ಮಾಡ್ಬಹುದಿತ್ತಲ್ಲ’ ಅಂದರು.

ಸುಮ್ಮನಾದೆ. ಕಾಫಿ ಹೇಳಿದೆ. ಅವತ್ತು ಬೆಳಿಗ್ಗೆಯಷ್ಟೇ ಬೆಟ್ಟದ ಮೇಲೆ ನಿಂತು, ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದ ಕಥೆಯನ್ನು ಅಜ್ಜಿಯ ಮೊಮ್ಮಗನಿಗೆ ಹೇಳಿದ್ದೆ. ನಿಮ್ಮ ಮೆನುವಿನಲ್ಲಿ ‘ನಮ್ಮ ಎಸ್ಟೇಟ್‌ನ ಫಿಲ್ಟರ್ ಕಾಫಿ’ ಅಂತ ಇದೆ, ಒಂದು ಕಪ್ಪಿಗೆ 90 ರೂಪಾಯಿ. ಬಂದಿದ್ದು ಇನ್‌ಸ್ಟಂಟ್. ಕಪ್ಪಿನ ಒಳ ಅಂಚಿಗೆ ಕರಗದ ಪುಡಿ ಕಂದು ಚುಕ್ಕೆ ಚುಕ್ಕೆಯಾಗಿ ಅಂಟಿತ್ತು, ಹುಡುಗ ಅದನ್ನು ಬೆರಳಲ್ಲಿ ತೆಗೆದು ‘ಆಂಟಿ, ಇದೇನಾ ಆ ಬೀಜ?’ ಅಂತ ಕೇಳಿದ. ಏನು ಹೇಳಲಿ? ಚಿಕ್ಕಮಗಳೂರಲ್ಲಿ ಕೂತು ಇನ್‌ಸ್ಟಂಟ್ ಕಾಫಿಯನ್ನು ಫಿಲ್ಟರ್ ಅಂತ ಕೊಡೋಕೆ ನಿಮಗೆ ಹೇಗೆ ಮನಸ್ಸು ಬಂತು?

ಆಮೇಲೆ ಬಿಲ್. ಊಟಕ್ಕೆ 3,860. ಅದರ ಕೆಳಗೆ ಶೇ. 10 ಸೇವಾ ಶುಲ್ಕ, 386. ಎರಡೂ ಕೂಡಿಸಿ ಅದರ ಮೇಲೆ ಶೇ. 5 ಜಿಎಸ್‌ಟಿ, 212 ರೂಪಾಯಿ 30 ಪೈಸೆ. ಒಟ್ಟು 4,458 ರೂಪಾಯಿ 30 ಪೈಸೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ನಿಮಗೆ ಗೊತ್ತೇ ಇರುತ್ತದೆ. ಸೇವಾ ಶುಲ್ಕವನ್ನು ತಾನಾಗಿ ಬಿಲ್‌ಗೆ ಸೇರಿಸುವಂತಿಲ್ಲ, ಬಿಲ್‌ಗೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ, ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನೀವು ಮೂರನ್ನೂ ಮಾಡಿದ್ದೀರಿ. ಬಿಲ್ ಮೇಲೆ ಇರಬೇಕಾದ ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ನಂಬರ್ ಕೂಡ ಇಲ್ಲ.

ಸೇವಾ ಶುಲ್ಕ ತೆಗೆದುಬಿಡಿ ಅಂತ ಮಾತ್ರ ಕೇಳಿದೆ. ನಿಮ್ಮ ಮ್ಯಾನೇಜರ್ ಟೇಬಲ್ ಹತ್ತಿರ ನಿಂತುಕೊಂಡು, ಪಕ್ಕದ ಮೂರು ಟೇಬಲ್‌ಗೆ ಕೇಳುವ ಹಾಗೆ, ‘ಟೂರಿಸ್ಟ್‌ಗಳು ಯಾರೂ ಕೇಳಲ್ಲ ಮೇಡಂ, ಲೋಕಲ್‌ನವರದ್ದೇ ಯಾವಾಗಲೂ ಈ ಗಲಾಟೆ’ ಅಂದರು. ‘ಇದು ಗಲಾಟೆ ಅಲ್ಲ, ನಿಯಮ’ ಅಂದೆ. ‘ಎದುರುಗಡೆ ದರ್ಶಿನಿ ಇದೆ, ಅಲ್ಲಿ ಸರ್ವಿಸ್ ಚಾರ್ಜ್ ಇರಲ್ಲ’ ಅಂದರು. ನನ್ನ ಗಂಡ ಎದ್ದು ನಿಂತರು. ಆಗ ನಿಮ್ಮವರು ನಮ್ಮಿಬ್ಬರನ್ನೂ ಬಿಟ್ಟು ನಮ್ಮ ನೆಂಟರ ಕಡೆ ತಿರುಗಿದರು. ನಗುಮುಖದಲ್ಲಿ, ಹಿಂದಿಯಲ್ಲಿ, ‘ಸಾರ್, ನೀವೇ ಸ್ವಲ್ಪ ಇವರಿಗೆ ಹೇಳಿ’ ಅಂದರು.

ನಮ್ಮ ನೆಂಟರು ಏನೂ ಮಾತಾಡಲಿಲ್ಲ. ಫೋನ್ ತೆಗೆದು, ಬಿಲ್ ಫೋಲ್ಡರ್ ಪಕ್ಕದಲ್ಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರು. ಟಿಂಗ್ ಅಂತ ಶಬ್ದ ಬಂತು. ನಿಮ್ಮ ಮ್ಯಾನೇಜರ್ ಅವರಿಗೆ ಥ್ಯಾಂಕ್ಯೂ ಹೇಳಿ ಹೋದರು. ಅಜ್ಜಿ ನನ್ನ ಕೈ ಹಿಡಿದುಕೊಂಡು ‘ಹೋಗಲಿ ಬಿಡು ಮಗಳೇ’ ಅಂದರು. ನಾಲ್ಕು ವರ್ಷ ಅವರ ಉಪ್ಪು ತಿಂದವಳು ನಾನು. ನನ್ನೂರಲ್ಲಿ, ನನ್ನ ಎದುರು, ಒಂದು ಹೊತ್ತಿನ ಊಟದ ದುಡ್ಡನ್ನು ಅವರೇ ಕೊಟ್ಟರು. ಕಾರಿನಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಮ್ಮ ಬೀದಿ ಕೊನೆಯ ಸಣ್ಣ ಹೋಟೆಲ್‌ಗೆ ಕರೆದುಕೊಂಡು ಹೋದೆ. ನಾಲ್ಕೇ ಟೇಬಲ್. ‘ಅಕ್ಕಿ ರೊಟ್ಟಿ ಈಗ ತಟ್ತಾ ಇದ್ದೀವಿ, ಹತ್ತು ನಿಮಿಷ ಆಗುತ್ತೆ, ಅಷ್ಟರಲ್ಲಿ ಅಮ್ಮನಿಗೆ ಕಾಫಿ ಕೊಡ್ತೀನಿ’ ಅಂದರು ಅಲ್ಲಿನವರು. ಅಜ್ಜಿ ಎರಡು ರೊಟ್ಟಿ ತಿಂದರು. ಅಲ್ಲಿ ನಾನೇ ದುಡ್ಡು ಕೊಟ್ಟೆ. ಅಷ್ಟು ಸಾಕಾಗಿತ್ತು ನನಗೆ, ನಿಮ್ಮ ದೀಪ, ನಿಮ್ಮ ಹಿತ್ತಾಳೆ ತಂಬಿಗೆ, ಏನೂ ಬೇಕಿರಲಿಲ್ಲ.

ಈಗ ನನಗೆ ಬೇಕಾಗಿದ್ದು ಇಷ್ಟು. ಸೇವಾ ಶುಲ್ಕ ಮತ್ತು ಅದರ ಮೇಲಿನ ತೆರಿಗೆ, 405 ರೂಪಾಯಿ 30 ಪೈಸೆ, ವಾಪಸ್ ಬರಬೇಕು. ನನಗಲ್ಲ, ಯಾವ ನಂಬರಿನಿಂದ ಬಂತೋ ಅದೇ ನಂಬರಿಗೆ. ಜೊತೆಗೆ ಅವರಿಗೆ ಹಿಂದಿಯಲ್ಲೇ ಒಂದು ಕ್ಷಮಾಪಣೆ. ಅವತ್ತು ಹಿಂದಿ ಚೆನ್ನಾಗಿ ಬರುತ್ತಿತ್ತಲ್ಲ.

ಮುಂದಿನ ಸೋಮವಾರದವರೆಗೆ ಕಾಯುತ್ತೇನೆ. ಮಂಗಳವಾರ ಬೆಳಿಗ್ಗೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೇ ಇಲ್ಲ, ಹಾಗಾಗಿ ನಾನು ಬೇಸತ್ತು ಬಿಟ್ಟುಬಿಡುತ್ತೇನೆ ಅಂದುಕೊಳ್ಳಬೇಡಿ. ಬಿಲ್, ಟೇಬಲ್ ಮೆಸೇಜ್, ಮುರಿದ ಕಡುಬಿನ ಫೋಟೊ, ಪುಡಿ ಅಂಟಿದ ಕಪ್ಪಿನ ಫೋಟೊ, ನಾಲ್ಕೂ ನನ್ನ ಹತ್ತಿರ ಇವೆ. ನಮ್ಮ ಬೀದಿಯಲ್ಲೇ ಐದು ಹೋಂಸ್ಟೇಗಳಿವೆ. ಊಟಕ್ಕೆ ಎಲ್ಲಿಗೆ ಹೋಗೋದು ಅಂತ ಟೂರಿಸ್ಟ್‌ಗಳು ಮೊದಲು ಕೇಳುವುದು ಅವರನ್ನೇ. ಇವತ್ತಿನವರೆಗೆ ಅವರು ನಿಮ್ಮ ಹೆಸರು ಹೇಳುತ್ತಿದ್ದರು. ಆ ಫೋಟೊಗಳನ್ನು ಅವರಿಗೆ ಇನ್ನೂ ಕಳಿಸಿಲ್ಲ. ಸೋಮವಾರ ರಾತ್ರಿ ಕಳಿಸುತ್ತೇನೆ.

ಇಂತಿ,
ನಿಮ್ಮವರು ‘ಕಡುಬಿನ ಹೆಂಗಸು’ ಅಂದ ಗ್ರಾಹಕಿ,
ಚಿಕ್ಕಮಗಳೂರು