ಮಾಳಿಗೆ ಬಿದ್ದರೆ ಮಣ್ಣಿನ ಮೇಲೇಕೆ ಗೂಬೆ?

ಸಂಪಾದಕರಿಗೆ ಶರಣು.

ಮಳೆಗಾಲ ಬಂತೆಂದರೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಕಾಯಂ. ಅರ್ಧ ಕುಸಿದ ಗೋಡೆ, ಅಂಗಳದಲ್ಲಿ ಚೆಲ್ಲಾಡಿದ ಪಾತ್ರೆ, ಮೇಲೆ ‘ಮಳೆಗೆ ಮಣ್ಣಿನ ಮನೆ ಕುಸಿತ’ ಎಂಬ ತಲೆಬರಹ. ಏಕೆ ಕುಸಿಯಿತು ಎಂಬುದು ಮಾತ್ರ ಎಂದೂ ಇರುವುದಿಲ್ಲ. ನಾನು ಗುಳೇದಗುಡ್ಡ ತಾಲ್ಲೂಕಿನಲ್ಲಿ ಮೂವತ್ತೆಂಟು ವರ್ಷ ಗೌಂಡಿ ಕೆಲಸ ಮಾಡಿದವನು. ಅಂಥ ಮನೆಗಳನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಕೊಟ್ಟೇ ಹೊಟ್ಟೆ ಹೊರೆದಿದ್ದೇನೆ. ಹಾಗಾಗಿ ಮಣ್ಣಿನ ಪರ ಮಾತಾಡಲು ಸ್ವಲ್ಪ ನಾಚಿಕೆಯೂ ಆಗುತ್ತದೆ. (ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮಾತು ನನ್ನದು, ಕಾಗುಣಿತ ಮೊಮ್ಮಗಳದು.)

ನಮ್ಮ ಕಡೆಯ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಯನ್ನು ಹೊತ್ತು ನಿಲ್ಲುವುದು ಕಂಬ, ತೊಲೆ, ಜಂತಿ. ಜಂತಿಯ ಮೇಲೆ ಕಟ್ಟಿಗೆ ಹಾಸಿ, ಎಲೆ-ತಪ್ಪಲು ಹರವಿ, ಒಂದಡಿಯಷ್ಟು ಮಣ್ಣು ಬಡಿದು, ಕಟ್ಟಕಡೆಗೆ ಸವಳು ಮಣ್ಣು ಹಾಕುತ್ತಾರೆ. ಬೆಳೆ ಬಾರದ ಹೊಲದ ಆ ಮಣ್ಣು ನೀರು ತಾಗಿದೊಡನೆ ಅರಳಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಹನಿ ಕೆಳಗಿಳಿಯಗೊಡುವುದಿಲ್ಲ. ಆದರೆ ವರ್ಷವರ್ಷವೂ ಮಳೆಗೆ ಮುಂಚೆ ಹಳೆಯ ಪದರ ಕೆರೆದು ತೆಗೆದೇ ಹೊಸದು ಹಾಕಬೇಕು. ಈಗ ಕೆರೆಯುವವರು ಯಾರು? ಸೋರಿತೆಂದರೆ ಹಳೆಯದರ ಮೇಲೆಯೇ ಇನ್ನಷ್ಟು ಬುಟ್ಟಿ ಸುರಿಯುತ್ತಾರೆ. ಇಪ್ಪತ್ತು ವರ್ಷಕ್ಕೆ ಒಂದಡಿ ಮಣ್ಣು ಎರಡಡಿಯಾಗುತ್ತದೆ. ಕೆಳಗೆ ಜಂತಿಗೆ ಗೆದ್ದಲು. ಮೂರು ದಿನ ಜಡಿಮಳೆ ಹಿಡಿದು ಆ ಮಣ್ಣೆಲ್ಲ ನೀರು ಕುಡಿದರೆ ಜಂತಿ ತಡೆದೀತೇ? ಮರುದಿನ ನಿಮ್ಮ ಪುಟದಲ್ಲಿ ಫೋಟೊ.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಕಡೆ ಮಲಗಿದ್ದವರ ಮೇಲೆ ಬಿದ್ದದ್ದು ಇಂಥದೇ ಭಾರ. ಅಲ್ಲಿ ಗುಂಡುಕಲ್ಲಿನ ದಪ್ಪ ಗೋಡೆಗಳು ಎರಡು ಹೋಳಾಗಿ ಬಿಚ್ಚಿಕೊಂಡವು, ಒಳಮುಖ ಹೊರಮುಖ ಎರಡನ್ನೂ ಹಿಡಿದಿಡುವ ಉದ್ದನೆಯ ಕಲ್ಲು ನಡುನಡುವೆ ಇರಲಿಲ್ಲ. ಇನ್ನು 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದಾಗ ದಂಡೆಯ ಊರುಗಳಲ್ಲಿ ಹಸಿ ಇಟ್ಟಿಗೆಯ ಗೋಡೆಗಳು ನೀರಲ್ಲಿ ನಿಂತು ನಿಂತು ಕರಗಿ ಕುಂತದ್ದನ್ನು ಕಣ್ಣಾರೆ ಕಂಡೆ. ಹೊಳೆ ಏರುವ ಜಾಗದಲ್ಲಿ ಹಸಿ ಮಣ್ಣು ಬೇಡವೇ ಬೇಡ. ಇದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರುವುದು ಮಣ್ಣಿನ ಜಾಗಕ್ಕೆ ಬಂದದ್ದರ ಬಗ್ಗೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಗೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರ್ ಮನೆ. ಅಂದರೆ ಸುಮಾರು 270 ಚದರ ಅಡಿ. ಮನೆ ಸಣ್ಣದಾಯಿತೆಂಬ ದೂರಿಲ್ಲ, ಗಂಡ-ಹೆಂಡತಿ, ಇಬ್ಬರು ಮಕ್ಕಳಿಗೆ ಜೋಡಿಸಿ ಕಟ್ಟಿದರೆ ಸಾಕು. 2017ರಲ್ಲಿ ನನ್ನ ಮಗಳಿಗೆ ಇಂಥದೊಂದು ಮನೆಯನ್ನು ನಾನೇ ಕಟ್ಟಿದೆ. ಊರಲ್ಲಿ ಎಲ್ಲರದೂ ಯಾವ ನಕ್ಷೆಯೋ ಅದನ್ನೇ ಹಾಕಿದೆ: ನಾಲ್ಕಿಂಚಿನ ಬೋಳು ಸ್ಲ್ಯಾಬು, ಪಡುವಣಕ್ಕೆ ಮಲಗುವ ಕೋಣೆ, ಮುಂದಿದ್ದ ಬೇವಿನ ಮರಕ್ಕೆ ಕೊಡಲಿ. ನಾಲ್ಕಿಂಚಿನ ಕಾಂಕ್ರೀಟು ಮಧ್ಯಾಹ್ನದ ಬಿಸಿಲನ್ನು ಮೂರ್ನಾಲ್ಕು ತಾಸಿನಲ್ಲಿ ಒಳಗೆ ಇಳಿಸುತ್ತದೆ. ಜನ ಮಲಗುವ ಹೊತ್ತಿಗೂ ಅದು ಆರಿರುವುದಿಲ್ಲ. “ಅಪ್ಪಾ, ರೊಟ್ಟಿ ಹಂಚಿನ ಬುಡಕ್ಕ ಮಲಗಿಧಂಗ ಆಗತೈತಿ” ಅಂದಳು ಮಗಳು. ಬೇಸಿಗೆಯಲ್ಲಿ ಅವರೆಲ್ಲ ಈಗಲೂ ಓಣಿಯಲ್ಲೇ ಮಲಗುತ್ತಾರೆ. ಗೌಂಡಿಯ ಮಗಳು!

ನಮ್ಮ ಭಾಗದಲ್ಲಿ ಮೇ ತಿಂಗಳ ಮೊದಲ ವಾರ ನಡುಹಗಲಿಗೆ ಸೂರ್ಯ ನೆತ್ತಿಯ ನೇರ ಬರುತ್ತಾನೆ. ನೆಟ್ಟ ಕಂಬದ ನೆರಳು ಬುಡದಲ್ಲೇ ಅಡಗಿರುತ್ತದೆ. ಹಾಗಾದರೆ ಬಿಸಿಲಿನ ಪೂರ್ತಿ ಪೆಟ್ಟು ತಿನ್ನುವುದು ಚಾವಣಿ. ಹಿಂದಿನವರು ಒಂದಡಿ ಮಣ್ಣನ್ನು ಸುಮ್ಮನೆ ಹೊರಿಸಿರಲಿಲ್ಲ.

2021ರಲ್ಲಿ ನಮ್ಮಿಬ್ಬರಿಗಾಗಿ, ನನಗೆ ಮತ್ತು ಮನೆಯಾಕೆಗೆ, ಒಂದು ಮನೆ ಕಟ್ಟಿಕೊಂಡೆ. ಮೇಲ್ಮುದ್ದೆ ಹಾಕಲಿಲ್ಲ, ಒಳ್ಳೆಯ ತೊಲೆ ಈಗ ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ನಮ್ಮದು ಎರಿ (ಕಪ್ಪು ಮಣ್ಣಿನ) ನೆಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಪಾಯ ಇಟ್ಟರೆ ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಸೀಳುವುದು ಖಂಡಿತ. ಐದಡಿ ಅಗೆದು ಗಟ್ಟಿ ಗರಸು ಸಿಕ್ಕ ಮೇಲೆಯೇ ಕಲ್ಲು ಇಟ್ಟೆ. ಗೋಡೆಗೆ ಅಜ್ಜನ ಮನೆಯ ಕೆಂಪು ಕಲ್ಲನ್ನೇ ಮತ್ತೆ ಬಳಸಿದೆ, ಗಜಕ್ಕೊಂದರಂತೆ ಎರಡೂ ಮುಖ ಹಿಡಿಯುವ ಉದ್ದಗಲ್ಲು. ಒಳಗೆ ಮಣ್ಣಿನ ಗಾರೆ, ಹೊರಗಿನ ಸಂದಿಗೆ ಮಾತ್ರ ಸಿಮೆಂಟು. ಚಾವಣಿ ಸ್ಲ್ಯಾಬೇ, ಆದರೆ ಕಬ್ಬಿಣದ ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚು ಜೋಡಿಸಿ ಮೇಲೆ ಕಾಂಕ್ರೀಟು ಹಾಕಿದ್ದು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿ ಹೆಂಚು ಕೂತರೆ ಬಲ ಕುಂದದು. ಸಿಮೆಂಟು ಉಳಿಯುತ್ತದೆ, ಬಿಸಿಲೂ ತಡೆಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಮನೆಗಳಿಂದ ಹೆಸರಾದ ಕ್ರಮವಿದು, ನಾನು ಕಲಿತದ್ದು ಧಾರವಾಡದ ಒಂದು ಕೆಲಸದಲ್ಲಿ. ಅದರ ಮೇಲೆ ಮೂರಿಂಚು ಇಟ್ಟಿಗೆ ಚೂರು-ಸುಣ್ಣ. ಪ್ರತಿ ಮಾರ್ಚಿಗೆ ಬಿಳಿ ಸುಣ್ಣ ಬಳಿಯುತ್ತೇನೆ. ಪಡುವಣಕ್ಕೆ ಬಚ್ಚಲು, ಕಟ್ಟಿಗೆ ಇಡುವ ಜಾಗ. ಬೇವಿನ ಮರ ಉಳಿಸಲು ಮನೆಯನ್ನೇ ಆರಡಿ ಹಿಂದೆ ಸರಿಸಿದೆ. ಮನೆಯಾಕೆ ತಿಂಗಳುಗಟ್ಟಲೆ ಇದಕ್ಕೆ ಜಗಳ ಕಾದಳು, ಈಗ ಕಟ್ಟೆ ಬಿಟ್ಟು ಏಳುವುದಿಲ್ಲ.

ಕಷ್ಟ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಬೋಳು ಸ್ಲ್ಯಾಬಿನ ಮನೆಗಿಂತ ಎರಡು ತಿಂಗಳು ಹೆಚ್ಚು ಹಿಡಿಯಿತು. ಕಲ್ಲು ಕೆತ್ತುವವರಿಗಾಗಿ ಮೂರು ಊರು ಅಲೆದೆ. ಸಿಮೆಂಟಿನಲ್ಲಿ ಉಳಿದ ದುಡ್ಡು ಪಗಾರಕ್ಕೆ ಹೋಯಿತು. ಹೋಗಲಿ, ನಮ್ಮ ಊರಿನವರ ಕೈಗೇ ಹೋಯಿತು.

ಸರ್ಕಾರದ ಕಾಗದದಲ್ಲಿ ಮಣ್ಣಿನ ಚಾವಣಿ ಎಂದರೆ ಕಚ್ಚಾ ಮನೆ. ಇರಲಿ. ಆದರೆ ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲೇ ಆಯಾ ಪ್ರದೇಶಕ್ಕೆ ಹೊಂದುವ ಹಲವು ನಕ್ಷೆಗಳು ಫಲಾನುಭವಿಗೆ ಸಿಗಬೇಕು ಎಂದಿದೆ. ಕಲ್ಲಿನ ಗೋಡೆ, ಹೆಂಚು ತುಂಬಿದ ಸ್ಲ್ಯಾಬು, ಬಡಗಣಕ್ಕೆ ಕಟ್ಟೆ ಇರುವ ಒಂದು ನಕ್ಷೆಯನ್ನು ನಮ್ಮ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಜೊತೆಗೆ ಗೌಂಡಿಗಳಿಗೆ ನಾಲ್ಕು ದಿನದ ತರಬೇತಿ ಕೊಡಲಿ, ಕಲಿಸಲು ನಾನು ಪಗಾರ ಕೇಳುವುದಿಲ್ಲ.

ನಿಮ್ಮ ವರದಿಗಾರರಿಗೂ ಒಂದು ಮಾತು. ಮುಂದಿನ ಸಲ ಮನೆ ಬಿದ್ದಾಗ ಫೋಟೊ ತೆಗೆಯುವ ಮುಂಚೆ ಮಾಳಿಗೆಯ ಮಣ್ಣು ಎಷ್ಟು ಅಡಿ ಇತ್ತು, ಜಂತಿಗೆ ಗೆದ್ದಲು ಹಿಡಿದಿತ್ತೇ ಎಂದು ಕೇಳಿ ಬರೆಯಿರಿ. ಹಾಗೇ ನಮ್ಮ ಮನೆಗೂ ಬರ್ರಿ. ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ. ಮೊದಲು ಮಗಳ ಮನೆಯಲ್ಲಿ ಅರ್ಧ ತಾಸು ಕುಂತು, ಆಮೇಲೆ ಇಲ್ಲಿಗೆ.

– ಒಬ್ಬ ಗೌಂಡಿ, ಗುಳೇದಗುಡ್ಡ ತಾಲ್ಲೂಕು, ಬಾಗಲಕೋಟೆ ಜಿಲ್ಲೆ