ಅಜ್ಜನ ಟ್ರಂಕ್ ಮುಟ್ಟುವ ಮುಂಚೆ

ಪ್ರೀತಿಯ ಪುಟ್ಟಾ,

ಆಶೀರ್ವಾದಗಳು. ದೀಪಾವಳಿಗೆ ಕ್ಯಾಮೆರಾ ತಗೊಂಡು ಊರಿಗೆ ಹೋಗುತ್ತೀಯಂತೆ. ಅಜ್ಜನ ಮಿಲಿಟ್ರಿ ಸಾಮಾನೆಲ್ಲ ಫೋಟೋ ತೆಗೆದು, ಅವರ ಕಥೆ ರೆಕಾರ್ಡ್ ಮಾಡುತ್ತೀಯಂತೆ. ನಿಮ್ಮಪ್ಪ ಹೇಳಿದ, ಖುಷಿಯಾಯಿತು. ನೀನು ಬರೆದಿಟ್ಟ ಪ್ರಶ್ನೆಗಳನ್ನೂ ಅವನೇ ಕಳಿಸಿದ. ‘ಯುದ್ಧದಲ್ಲಿ ಭಯ ಆಗಿತ್ತಾ?’ ‘ಶತ್ರುಗಳನ್ನು ಹತ್ತಿರದಿಂದ ನೋಡಿದ್ರಾ?’ ಇವನ್ನೆಲ್ಲ ಜೇಬಲ್ಲೇ ಇಟ್ಟುಕೋ. ಹೀಗೆ ಕೇಳಿದರೆ ಅಜ್ಜ ‘ಏನಿಲ್ಲಪ್ಪ, ಡ್ಯೂಟಿ ಮಾಡಿದ್ವಿ’ ಅಂದು ತೋಟದ ಕಡೆ ಎದ್ದು ಹೋಗುತ್ತಾರೆ. ಅವರನ್ನು ಕೇಳಬೇಕಾದದ್ದು ಸಾಮಾನಿನ ಬಗ್ಗೆ. ಇದನ್ನು ಹೇಗೆ ಹಿಡಿಯುತ್ತಿದ್ದರು, ಎಲ್ಲಿ ಕಟ್ಟುತ್ತಿದ್ದರು, ಕಳೆದು ಹೋದರೆ ಯಾರು ಬೈಯುತ್ತಿದ್ದರು, ಇಂಥದ್ದು.

ಟ್ರಂಕನ್ನು ಅವರೇ ತೆಗೆಯಲಿ. ನೀನು ಕೈ ಹಾಕಬೇಡ. ಯಾವುದನ್ನು ಮೊದಲು ಎತ್ತುತ್ತಾರೆ, ಯಾವುದನ್ನು ನೋಡಿಯೂ ನೋಡದ ಹಾಗೆ ಪಕ್ಕಕ್ಕೆ ಸರಿಸುತ್ತಾರೆ ಅನ್ನೋದನ್ನು ಗಮನಿಸು. ಸರಿಸಿದ್ದನ್ನು ಅವತ್ತು ಕೇಳಲೇಬೇಡ.

ಪದಕಗಳು ಎರಡಿವೆ. 1971ರ ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಒಂದು, ಸಂಗ್ರಾಮ್ ಮೆಡಲ್ ಒಂದು. ಆ ಯುದ್ಧದಲ್ಲಿದ್ದ ಸಾವಿರಾರು ಜನರ ಮನೆಯಲ್ಲಿ ಇಂಥವೇ ಇವೆ. ನಮ್ಮದು ಅಂತ ಹೇಳೋದು ಪದಕದ ಮೇಲೆ ಕೊರೆದ ನಂಬರು ಮತ್ತು ಹೆಸರು ಮಾತ್ರ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಆ ಅಕ್ಷರ ಕಾಣಲ್ಲ. ಬೆಳಿಗ್ಗೆ ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ ತೆಗೆ. ನೀನು ಬರುತ್ತೀಯ ಅಂತ ಗೊತ್ತಾದರೆ ಅಜ್ಜ ಬ್ರಾಸೋ ಹಾಕಿ ತಿಕ್ಕಿ ಥಳಥಳ ಅನ್ನಿಸಿಬಿಡುತ್ತಾರೆ, ಸಿಪಾಯಿ ಅಭ್ಯಾಸ. ತಿಕ್ಕಿ ತಿಕ್ಕಿ ಅಕ್ಷರ ಸವೆಯುತ್ತಿದೆ. ಆ ಪಾಲಿಶ್ ಡಬ್ಬಿಯನ್ನು ಬಚ್ಚಿಡೋಕೆ ನಿಮ್ಮಮ್ಮನಿಗೆ ಹೇಳಿದ್ದೇನೆ.

ನಾನು ಇಷ್ಟೆಲ್ಲ ಬರೆಯುತ್ತಿರೋದು ಪದಕಕ್ಕಲ್ಲ. ಟ್ರಂಕಿನ ತಳದಲ್ಲಿ, ಕಂದು ಕಂಬಳಿಯ ಮಡಿಕೆಯೊಳಗೆ, ಒಂದು ಬಿಳಿ ಪಟ್ಟಿಯ ಸುರುಳಿ ಇದೆ. ಹತ್ತಿಯದು, ಎರಡು ಬೆರಳಗಲ. ಈಗ ಬಿಳಿ ಅನ್ನೋ ಹಾಗಿಲ್ಲ, ಒಂದು ಕಡೆ ಗ್ರೀಸಿನ ಕಲೆ, ಒಂದು ತುದಿ ಹರಿದಿದೆ. ನೋಡಿದರೆ ಬ್ಯಾಂಡೇಜ್ ಅಂದುಕೊಳ್ಳುತ್ತೀಯ. ಅಲ್ಲ. ಅಜ್ಜ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೈನ್ಯದ ಎಂಜಿನಿಯರ್ ಪಡೆಯಲ್ಲಿ, ಇದ್ದವರು ಅಲ್ವಾ? ರಾತ್ರಿ ಹೊತ್ತು ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಉದ್ದನೆಯ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಿ ಚುಚ್ಚಿ ಮೈನ್ (ನೆಲದಲ್ಲಿ ಹೂತಿಟ್ಟ ಬಾಂಬು) ಹುಡುಕೋದು ಅವರ ಕೆಲಸ. ನೆಟ್ಟಗೆ ಚುಚ್ಚಿದರೆ ಮೈನಿನ ತಲೆ ಒತ್ತಿ ಸಿಡಿಯುತ್ತೆ. ತೆಗೆದಷ್ಟು ದಾರಿಯ ಎರಡೂ ಕಡೆ ಈ ಪಟ್ಟಿ ಹಾಸುತ್ತಾ ಹೋಗುತ್ತಿದ್ದರು. ಹಿಂದಿನಿಂದ ಬರುವ ಟ್ಯಾಂಕು, ಜೀಪು ಅದರೊಳಗೇ ಬರಬೇಕು.

ಅರುಣ್ ಖೇತ್ರಪಾಲ್ ಬಗ್ಗೆ ನೀನು ಓದಿರುತ್ತೀಯ. ಟ್ಯಾಂಕ್ ಪಡೆಯ ಅಧಿಕಾರಿ, 21ನೇ ವಯಸ್ಸಿಗೆ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದವರು. ಪಾಕಿಸ್ತಾನದ ಶಕ್ಕರ್‌ಗಢದ ಬಸಂತರ್ ನದಿಯ ಹತ್ತಿರ, ಡಿಸೆಂಬರ್ 16ರಂದು. ಅದರ ಹಿಂದಿನ ರಾತ್ರಿ ಗುಂಡಿನ ಮಧ್ಯೆ ಅಲ್ಲಿ ಮೈನ್ ತೆಗೆದು ದಾರಿ ಮಾಡುತ್ತಿದ್ದವರು ಮದ್ರಾಸ್ ಸ್ಯಾಪರ್ಸ್. ದಾರಿ ಪೂರ್ತಿ ಆಗುವ ಮೊದಲೇ ಟ್ಯಾಂಕ್‌ಗಳು ನುಗ್ಗಬೇಕಾಯಿತು. ಅಜ್ಜ ಇದನ್ನು ಹೇಳುವಾಗ ಟ್ಯಾಂಕಿನವರ ಧೈರ್ಯ ಹೊಗಳುತ್ತಾರೆ, ತಮ್ಮ ಮಾತೇ ಎತ್ತಲ್ಲ. ಆ ಪಟ್ಟಿ ಕೈಗೆ ಕೊಟ್ಟು ‘ಇದನ್ನು ಹಾಸೋದು ಹೇಗೆ ಅಜ್ಜಾ, ತೋರಿಸಿ’ ಅನ್ನು. ಕೂತಲ್ಲೇ ಕೈ ತಾನಾಗಿ ಮಾಡಿ ತೋರಿಸುತ್ತೆ. ಆ ಕೈಯ ಫೋಟೋ ತೆಗೆ. ಸುರುಳಿ ಮೊದಲು ಇನ್ನೂ ದಪ್ಪ ಇತ್ತು. ಅಜ್ಜಿ ಅದರಲ್ಲಿ ಅರ್ಧ ಕತ್ತರಿಸಿ ಲಂಗಕ್ಕೆ ಲಾಡಿ ಮಾಡಿಕೊಂಡರು, ಗಟ್ಟಿ ಇದೆ ಅಂತ! ಅದನ್ನೂ ಬರೆದುಕೋ.

ಯುದ್ಧ 14 ದಿನದ್ದು ಅಂತ ನೀನು ಲೆಕ್ಕ ಹಾಕಿರುತ್ತೀಯ. ಡಿಸೆಂಬರ್ 3ರಿಂದ 17. ಅಜ್ಜನಿಗೆ ಅದು ಮುಗಿದದ್ದು ಮುಂದಿನ ವರ್ಷ. ಜುಲೈ 1972ರಲ್ಲಿ ಸಿಮ್ಲಾ ಒಪ್ಪಂದ ಆಯಿತು, ಹಿಡಿದ ಜಾಗ ಬಿಟ್ಟು ಸೈನ್ಯ ವಾಪಸ್ ಬಂದದ್ದು ಡಿಸೆಂಬರ್‌ನಲ್ಲಿ. ಅವರ ಕಥೆ ಜಾಸ್ತಿ ಆ ತಿಂಗಳುಗಳದ್ದೇ. ಬಿಟ್ಟುಹೋದ ಹೊಲ, ಯಾರೂ ಇಲ್ಲದ ಊರು, ಒಂದು ನಾಯಿ. ‘ಯುದ್ಧದ ಕಥೆ ಹೇಳಿ ಅಜ್ಜಾ’ ಅಂತ ಮಧ್ಯೆ ಬಾಯಿ ಹಾಕಬೇಡ.

ಬಸಂತರ್ ‘ನಮ್ಮ ಹೇಮಾವತಿಯಷ್ಟು ಅಗಲ’ ಅಂತಾರೆ. ಅಷ್ಟಿಲ್ಲ. ಅಲ್ಲೇ ಮೊಬೈಲಿನಲ್ಲಿ ಮ್ಯಾಪ್ ತೆಗೆದು ತೋರಿಸೋದು ಬೇಡ. ಕತ್ತಲಲ್ಲಿ ದಾಟಿದವರಿಗೆ ಅಷ್ಟಗಲ ಕಂಡಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೋ, ನಿನ್ನ ಲೆಕ್ಕ ಬೇರೆ ಪುಟದಲ್ಲಿರಲಿ.

ಇನ್ನು ಕಾಗದದ ಕಟ್ಟು. ಅದನ್ನು ಅಜ್ಜಿಯ ಹತ್ತಿರ ಕೇಳಿಯೇ ಬಿಚ್ಚು. ಅಜ್ಜ ಬರೆದ ಕಾಗದಗಳಲ್ಲಿ ಊರಿನ ಹೆಸರೇ ಇಲ್ಲ, ‘56 ಎಪಿಓ’ ಅಂತ ಅಷ್ಟೇ, ಅದು ಸೈನ್ಯದ ಅಂಚೆ ಕಚೇರಿಯ ನಂಬರು. ಗಂಡ ಯಾವ ರಾಜ್ಯದಲ್ಲಿದ್ದಾನೆ ಅಂತ ಕೂಡ ಗೊತ್ತಿಲ್ಲದೆ ಅಜ್ಜಿ ಉತ್ತರ ಬರೆದರು. ನಾನು ಹುಟ್ಟಿದ ಸುದ್ದಿಯೂ ಹಾಗೇ ಹೋಯಿತು. ಅಜ್ಜಿಗೆ ತವರಿನಿಂದ ಬಂದ ಕವರುಗಳೂ ಅದರಲ್ಲೇ ಇವೆ. ಮಾಮೂಲಿ ಅಂಚೆಚೀಟಿ ಪಕ್ಕ 5 ಪೈಸೆಯದು ಇನ್ನೊಂದು ಇರುತ್ತೆ ನೋಡು. ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಖರ್ಚಿಗೆ ಸರ್ಕಾರ ಹಾಕಿದ ತೆರಿಗೆ ಅದು. ಅದನ್ನು ಬಿಸಿನೀರಿನಲ್ಲಿ ಬಿಡಿಸೋಕೆ ಹೋಗಬೇಡ, ಕವರ್ ಸಮೇತ ಫೋಟೋ ತೆಗೆ. ಮಡಿಕೆಗಳು ಮಳೆಗಾಲದ ಥಂಡಿಗೆ ಮೆತ್ತಗಾಗಿವೆ, ಜೋರಾಗಿ ಬಿಡಿಸಿದರೆ ಹರಿಯುತ್ತೆ.

ಅಜ್ಜಿಯನ್ನು ಅಜ್ಜನ ಎದುರು ಕೂರಿಸಿ ಕೇಳಿದರೆ ‘ನನಗೇನು ಗೊತ್ತು, ಅವರನ್ನೇ ಕೇಳು’ ಅಂತಾರೆ. ಮಧ್ಯಾಹ್ನ ಅಜ್ಜ ಮಲಗಿದಾಗ ಅಡುಗೆಮನೆಗೆ ಹೋಗು. ಅವರೇಕಾಯಿ ಸುಲಿಯೋಕೆ ಕೂರು. ಊರಿಗೆ ಟೆಲಿಗ್ರಾಂ ಬಂದರೆ ಯಾರ ಮನೆ ಮುಂದೆ ಸೈಕಲ್ ನಿಲ್ಲುತ್ತೆ ಅಂತ ಕಾಯುತ್ತಿದ್ದ ಕಥೆ ಅಲ್ಲಿ ಸಿಗುತ್ತೆ. ಫೋನ್ ಪಕ್ಕದಲ್ಲಿ ರೆಕಾರ್ಡಿಂಗ್ ಹಾಕಿಟ್ಟಿರು, ಆದರೆ ಹೇಳಿಯೇ ಹಾಕು.

ಪಿಂಚಣಿ ಪತ್ರ, ಡಿಸ್ಚಾರ್ಜ್ ಬುಕ್ಕಿನ ಫೋಟೋ ಮನೆಯವರಿಗೆ ಮಾತ್ರ. ಸ್ಟೇಟಸ್ಸಿಗೆ ಹಾಕಿಬಿಟ್ಟೀಯ, ಜೋಕೆ. ಬರುವಾಗ ಅಜ್ಜನಿಗೆ ಮಂಕಿ ಕ್ಯಾಪ್ ಒಂದು ತಗೊಂಡು ಬಾ, ಹಳೇದು ಹರಿದಿದೆ.

ಇಂತಿ,
ನಿನ್ನ ಅತ್ತೆ